ದಿನಬಳಕೆಗೆ ಬರೋಂಗ್: ಪಿನ್ಯಾ, ಆರ್ಗಾಂಜಾ, ಲಿನನ್

ಮನಿಲಾದಲ್ಲಿ ಕೆಲಸ ಮಾಡುವವನಿಗೆ ಫಿಲಿಪೀನ್ಸಿನ ಸಾಂಪ್ರದಾಯಿಕ ಕಸೂತಿ ಅಂಗಿ ಬರೋಂಗ್ ತಗಾಲೋಗ್ ತಪ್ಪಿದ್ದಲ್ಲ. ಮದುವೆಗೂ ಅದೇ, ಸರ್ಕಾರಿ ಸಮಾರಂಭಕ್ಕೂ ಅದೇ. ಪ್ರಶಸ್ತಿಯ ಮೂಲಕ ನಮಗೆಲ್ಲ ಹೆಸರು ಗೊತ್ತಿರುವ ರಮೋನ್ ಮ್ಯಾಗ್ಸೆಸೆ 1953ರ ಡಿಸೆಂಬರ್ 30ರಂದು ಫಿಲಿಪೀನ್ಸಿನ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಬರೋಂಗ್ ತೊಟ್ಟುಕೊಂಡೇ. ಆದರೆ ನಾನು ಹುಡುಕುತ್ತಿದ್ದದ್ದು ಜೀನ್ಸಿನ ಮೇಲೆ ತೊಟ್ಟು, ರೈಲಿನಲ್ಲಿ ನೂಕಾಡಿ, ಕಚೇರಿ ಮುಗಿಸಿ, ತರಕಾರಿ ಕೊಂಡು ಮನೆ ಸೇರುವವರೆಗೆ ತಾಳಬಲ್ಲ ಅಂಗಿಯನ್ನು. ಕಸೂತಿ ಎಷ್ಟೇ ಸೊಗಸಾಗಿರಲಿ, ಆ ಮಟ್ಟಿಗೆ ಎಲ್ಲವನ್ನೂ ನಿರ್ಧರಿಸುವುದು ಬಟ್ಟೆ.

ಮನಸ್ಸು ಸೋತದ್ದು ಪಿನ್ಯಾ-ರೇಷ್ಮೆಗೆ. ಪಿನ್ಯಾ ಎಂದರೆ ಅನಾನಸ್ ನಾರಿನ ಬಟ್ಟೆ. ಅನಾನಸ್ ಎಲೆಯನ್ನು ಪಿಂಗಾಣಿ ಚೂರಿನಿಂದಲೂ ತೆಂಗಿನ ಚಿಪ್ಪಿನಿಂದಲೂ ಹೆರೆದು ನಾರು ತೆಗೆಯುತ್ತಾರೆ. ಎಳೆಗೆ ಎಳೆ ಗಂಟು ಹಾಕಿ ನೂಲು ಮಾಡಿ, ರೇಷ್ಮೆಯ ಉದ್ದೆಳೆಗಳ ನಡುವೆ ಅಡ್ಡೆಳೆಯಾಗಿ ನೇಯುತ್ತಾರೆ. ಬೆಳಕಿಗೆ ಹಿಡಿದರೆ ಆ ಪುಟ್ಟ ಗಂಟುಗಳು ಅಲ್ಲಲ್ಲಿ ಕಾಣುತ್ತವೆ. ಅಕ್ಲಾನ್ ಪ್ರಾಂತ್ಯದ ಈ ಕೈಮಗ್ಗದ ನೇಯ್ಗೆಯನ್ನು 2023ರಲ್ಲಿ ಯುನೆಸ್ಕೋ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ನನ್ನ ಅಂಗಿಯ ಎದೆಯ ಮೇಲಿನದು ಲಾಗುನಾ ಪ್ರಾಂತ್ಯದ ಲುಂಬಾನ್ ಊರಿನ ಕೆಲಸ: ಬಟ್ಟೆಯಿಂದ ದಾರ ಎಳೆದು ತೆಗೆದು, ಉಳಿದ ದಾರಗಳನ್ನು ಸುತ್ತಿ ಜಾಲರಿ ಕಟ್ಟುವ ‘ಕಲಾದೊ’. ಮೈಗೆ ಭಾರವೇ ಇಲ್ಲ, ಗಾಳಿ ಸರಾಗವಾಗಿ ಆಡುತ್ತದೆ. ಆದರೆ ಬಟ್ಟೆ ಪಾರದರ್ಶಕ. ಒಳಗೆ ‘ಕಮಿಸಾ ದೆ ಚಿನೊ’ ಎಂಬ ಬಿಳಿಯ ಒಳ ಅಂಗಿ ಬೇಕೇ ಬೇಕು. ಜೇಬಿಲ್ಲ. ಕಾಲರ್ ಕತ್ತಿಗೆ ಚುಚ್ಚುತ್ತದೆ. ಬೆನ್ನಿಗೆ ಹಾಕಿದ ಚೀಲದ ಪಟ್ಟಿ ಭುಜದ ಮೇಲೆ ಉಜ್ಜಿದಲ್ಲೆಲ್ಲ ಎಳೆ ಜರುಗುತ್ತದೆ. ಒಗೆದರೆ ಹಿಂಡುವಂತಿಲ್ಲ. ಇಷ್ಟು ಮುದ್ದು ಮಾಡಿಸಿಕೊಳ್ಳುವ ಅಂಗಿ ಸೋಮವಾರದ ಬೆಳಗಿಗೆ ಒಗ್ಗುವುದಿಲ್ಲ.

ಆರ್ಗಾಂಜಾ ಎಂಬ ತೆಳುವಾದ ಗರಿಗರಿ ಬಟ್ಟೆ ಅಗ್ಗ, ಮನಿಲಾದ ಡಿವಿಸೋರಿಯಾ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಫೋಟೋದಲ್ಲಿ ಪಿನ್ಯಾದ ತಮ್ಮನಂತೆಯೇ ಕಾಣುತ್ತದೆ. ನಾನು ಕೊಂಡ ಪಾಲಿಯೆಸ್ಟರಿನದು ಬೇಗ ಒಣಗುತ್ತದೆ ಎಂಬುದೊಂದೇ ಪುಣ್ಯ. ಮಧ್ಯಾಹ್ನದ ಸೆಕೆಯಲ್ಲಿ ಒಳಗೆ ಬೆವರು ನಿಂತು, ತೋಳು ಮೈಗಂಟಿ, ಯಂತ್ರದ ಕಸೂತಿಯ ಹಿಂಬದಿ ಕೆರೆಯತೊಡಗುತ್ತದೆ. ಸಂಜೆಯ ಎರಡು ಗಂಟೆಗಳ ಔತಣಕ್ಕೆ ಸಾಕು, ಹವಾನಿಯಂತ್ರಣ ಇದ್ದರೆ.

ಗೆದ್ದದ್ದು ಗಿಡ್ಡ ತೋಳಿನ ಲಿನನ್ ‘ಪೋಲೊ ಬರೋಂಗ್’. ಒಳ ಅಂಗಿಯ ಗೊಡವೆ ಇಲ್ಲ, ಗುಂಡಿಪಟ್ಟಿಯ ಉದ್ದಕ್ಕೆ ಬೆರಳಗಲದ ಕಸೂತಿ, ಕೆಳಗೆ ಮೊಬೈಲ್ ಹಿಡಿಸುವ ಜೇಬು. ಊಟದ ಹೊತ್ತಿಗೆ ಸುಕ್ಕುಗಟ್ಟುತ್ತದೆ, ನಿಜ; ಆ ಸುಕ್ಕನ್ನು ಇಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ. ಒಂದೇ ಎಚ್ಚರಿಕೆ: ಬಿಳಿ ಅಥವಾ ತಿಳಿ ಹಳದಿ ಬೇಡ. ಎಷ್ಟೋ ಕಚೇರಿಗಳ ಗುಮಾಸ್ತರಿಗೂ ಚಾಲಕರಿಗೂ ಅದೇ ಸಮವಸ್ತ್ರ. ನನ್ನನ್ನೂ ಸಿಬ್ಬಂದಿಯೆಂದು ತಿಳಿದು ಒಬ್ಬರು ಲಿಫ್ಟಿನಲ್ಲಿ ತಾವು ಎಷ್ಟನೆಯ ಮಹಡಿಗೆ ಹೋಗಬೇಕೆಂದು ಕೇಳಿದ್ದೂ ಇದೆ. ಕಡುನೀಲಿ ತೆಗೆದುಕೊಳ್ಳಿ. ಯಾವ ಬರೋಂಗನ್ನೂ ಪ್ಯಾಂಟಿನೊಳಗೆ ಸೇರಿಸುವುದಿಲ್ಲವಾದ್ದರಿಂದ ಉದ್ದವನ್ನು ಮಾತ್ರ ದರ್ಜಿಗೆ ಹೇಳಿ ತುಸು ಕಡಿಮೆ ಮಾಡಿಸಬೇಕು. ಸಮಾರಂಭದ ಅಳತೆ ಜೀನ್ಸಿಗೆ ತೀರಾ ಉದ್ದವಾಗುತ್ತದೆ.