ಮಕ್ಕಳ ಮೊದಲ ಅಡುಗೆ: ಗ್ಯಾಸ್ ಒಲೆಯೋ, ಇಂಡಕ್ಷನ್ನೋ?

ಒಂಬತ್ತು-ಹತ್ತು ವರ್ಷದ ಮಗು "ನಾನೇ ದೋಸೆ ಹುಯ್ತೀನಿ" ಅಂತ ಹಟ ಹಿಡಿದರೆ ಯಾವ ಒಲೆಯ ಮುಂದೆ ನಿಲ್ಲಿಸಬೇಕು? ಮನೆಯಲ್ಲಿ ಎರಡೂ ಇದ್ದರೆ ನನ್ನ ಮತ ಇಂಡಕ್ಷನ್‌ಗೆ.

ಅದರಲ್ಲಿ ಉರಿ ಇಲ್ಲ. ಅಂಗಿಯ ತೋಳಿಗೋ ಜಡೆಗೋ ಮಸಿಬಟ್ಟೆಗೋ ಬೆಂಕಿ ತಾಗುವ ಭಯವಿಲ್ಲ. ಆದರೆ ಉರಿ ಕಾಣದಿರುವುದೇ ಮಕ್ಕಳಿಗೆ ಮೋಸ. ಪಾತ್ರೆಯ ಬಿಸಿಗೆ ಕೆಳಗಿನ ಗಾಜೂ ಕಾದಿರುತ್ತದೆ, ಆಫ್ ಮಾಡಿದ ಕೂಡಲೇ ಮುಟ್ಟುವ ಹಾಗಿಲ್ಲ. ಬರೀ ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳು ಸಾಮಾನ್ಯ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಬೇಕು. ಮಗುವಿನ ಕೈಗೇ ಅಯಸ್ಕಾಂತ ಕೊಟ್ಟು ಪಾತ್ರೆ ಆರಿಸಲು ಬಿಡಿ, ವಿಜ್ಞಾನದ ಒಂದು ಪಾಠವೂ ಆಯಿತು.

ಗ್ಯಾಸ್‌ನಲ್ಲಿ ಉರಿಯ ಹದ ಕಣ್ಣಿಗೇ ಕಾಣುತ್ತದೆ, ಫುಲ್ಕವೂ ಉಬ್ಬುತ್ತದೆ. ಕಲಿಸಬೇಕಾದ್ದು ಮಾತ್ರ ಜಾಸ್ತಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಹೋಗಿ ದೊಡ್ಡವರನ್ನು ಕರೆಯಬೇಕು; ತುರ್ತು ಸಂಖ್ಯೆ 1906. ಇಷ್ಟನ್ನು ತಡವರಿಸದೆ ಹೇಳುವವರೆಗೆ ಲೈಟರ್ ಕೊಡಬೇಡಿ.

ಒಗ್ಗರಣೆ, ಕುಕ್ಕರ್ ಸದ್ಯಕ್ಕೆ ಎರಡೂ ಒಲೆಗಳ ಮೇಲೆ ಬೇಡ. ಕೈ ಸುಟ್ಟರೆ 20 ನಿಮಿಷ ನಲ್ಲಿಯ ತಣ್ಣೀರು, ಟೂತ್‌ಪೇಸ್ಟ್ ಅಲ್ಲ.

ಇನ್ನೂ ಚಿಕ್ಕ ಮಗುವಾದರೆ ಒಲೆಯ ಮಾತೇ ಬೇಡ, ಕೋಸಂಬರಿ ಸಾಕು. ಹೆಸರುಬೇಳೆಯಲ್ಲಿ ಪ್ರೋಟೀನ್ ಇದೆ. ನಿಂಬೆಯ ಸಿ ವಿಟಮಿನ್‌ನಿಂದ ಬೇಳೆಯ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಸೌತೆಕಾಯಿ ಹೆಚ್ಚುವುದು ನಿಮ್ಮ ಕೆಲಸ, ನಿಂಬೆ ಹಿಂಡುವುದು ಅವರದು.