ವರದಿ ಬರೆದವರೇ ಹೊಸ ಆರ್ಗನ್ ಮಾರುವವರಾಗಿದ್ದರೆ ಸಹಿ ಹಾಕಬೇಡಿ

ಇಂಗ್ಲೆಂಡಿನ ನಮ್ಮ ಪ್ಯಾರಿಷ್ ಚರ್ಚಿನಲ್ಲಿ 12 ಸ್ಟಾಪ್ (ನಾದದ ಬಗೆ ಆರಿಸುವ ಹಿಡಿ), ಸುಮಾರು 640 ಕೊಳವೆಗಳ ಹಳೆಯ ಪೈಪ್ ಆರ್ಗನ್, ಅಂದರೆ ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ವಾದ್ಯ, ಇತ್ತು. ‘ಇದರ ಆಯುಷ್ಯ ಮುಗಿದಿದೆ’ ಎಂಬ ಎರಡು ಪುಟದ ವರದಿಯನ್ನು ನಂಬಿ ಅದನ್ನು ಕಳಚಿಸಿ ಡಿಜಿಟಲ್ ಆರ್ಗನ್ ಇಟ್ಟರು. ವರದಿ ಬರೆದದ್ದೂ ಹೊಸದನ್ನು ಮಾರಿದ್ದೂ ಒಂದೇ ಕಂಪನಿ. ಕಳಚಿದ ಮೇಲೆ ಸ್ವತಂತ್ರ ಸಲಹೆಗಾರರೊಬ್ಬರು ಬಿಡಿಭಾಗಗಳನ್ನು ನೋಡಿ ಹೇಳಿದ್ದು: ರೋಗ ಆರ್ಗನ್ನಿನದಲ್ಲ, ಕಟ್ಟಡದ ಹೀಟಿಂಗಿನದು. ಇನ್ನೊಂದು ಚರ್ಚಿಗೆ ಹೀಗಾಗಬಾರದು ಎಂದು ವಿವರವಾಗಿ ಬರೆಯುತ್ತಿದ್ದೇವೆ.

ವರದಿಯಲ್ಲಿ ಮೂರು ದೂರುಗಳಿದ್ದವು. ಮೊದಲನೆಯದು ಶ್ರುತಿ ಕೆಟ್ಟಿದೆ ಎಂಬುದು. ಪರೀಕ್ಷೆ ನಡೆದದ್ದು ಚಳಿಗಾಲದ ವಾರದ ದಿನ, ಹೀಟಿಂಗ್ ಇಲ್ಲದ 9 ಡಿಗ್ರಿಯಲ್ಲಿ. ಆರ್ಗನ್ನಿಗೆ ಶ್ರುತಿ ಕೂರಿಸಿದ್ದು 18 ಡಿಗ್ರಿಯಲ್ಲಿ. ಉಷ್ಣತೆ ಒಂದು ಡಿಗ್ರಿ ಬದಲಾದರೆ ಕೊಳಲಿನಂತೆ ನುಡಿಯುವ ಫ್ಲೂ ಕೊಳವೆಗಳ ಶ್ರುತಿ ಸುಮಾರು 3 ಸೆಂಟ್ (ಒಂದು ಸೆಂಟ್ ಅರ್ಧಸ್ವರದ ನೂರನೇ ಒಂದು ಭಾಗ) ಸರಿಯುತ್ತದೆ. ನಾಲಗೆಯಿರುವ ರೀಡ್ ಕೊಳವೆಗಳದು ಅಷ್ಟು ಸರಿಯುವುದಿಲ್ಲ. 9 ಡಿಗ್ರಿ ಇಳಿದರೆ ಎರಡರ ನಡುವೆ ಅರ್ಧಸ್ವರದ ಕಾಲುಭಾಗದಷ್ಟು ಅಂತರ ಬೀಳುತ್ತದೆ, ಯಾರ ಕಿವಿಗೂ ಅದು ಕೇಳಿಸುತ್ತದೆ. ಚರ್ಚು ಬೆಚ್ಚಗಾದರೆ ತಾನೇ ಸರಿಹೋಗುವ ದೋಷ ಇದು. ಪರೀಕ್ಷೆಯ ಹೊತ್ತಿನ ಉಷ್ಣತೆ ಬರೆಯದ ವರದಿಯಲ್ಲಿ ಶ್ರುತಿಯ ಮಾತಿಗೆ ಬೆಲೆಯಿಲ್ಲ.

ಎರಡನೆಯ ದೂರು, ಒತ್ತದ ಸ್ವರ ನುಡಿಯುತ್ತದೆ, ಪಕ್ಕದ ಸ್ವರ ಗುನುಗುತ್ತದೆ ಎಂಬುದು. ಕೊಳವೆಗಳು ನಿಲ್ಲುವ ಸೌಂಡ್‌ಬೋರ್ಡಿನೊಳಗೆ ಒಂದೊಂದು ಕೀಗೆ ಒಂದೊಂದು ಗಾಳಿಯ ಕಾಲುವೆ. ಕಾಲುವೆಯ ಬಾಯಲ್ಲಿ ಚರ್ಮ ಅಂಟಿಸಿದ ಮರದ ಮುಚ್ಚಳ, ಅದೇ ಪ್ಯಾಲೆಟ್. ಬಾಯಿಗೂ ಅದಕ್ಕೂ ನಡುವೆ ಒಂದು ಮರದ ಚೂರು ಸಿಕ್ಕಿದರೂ ಸ್ವರ ನಿಲ್ಲುವುದಿಲ್ಲ. ತೆಗೆದು ಒರೆಸಿದರೆ ಮುಗಿಯಿತು. ಗುನುಗು ಮಾತ್ರ ಗಂಭೀರ. ಹಲಗೆ ಒಣಗಿ ಸೀಳಿದಾಗ ಒಂದು ಕಾಲುವೆಯ ಗಾಳಿ ಪಕ್ಕದ್ದಕ್ಕೆ ನುಗ್ಗುತ್ತದೆ. ಒಣಗಿದ್ದೇಕೆ? ಹೊರಗೆ 5 ಡಿಗ್ರಿಯಲ್ಲಿ 80% ತೇವಾಂಶವಿರುವ ಗಾಳಿಯನ್ನು 20 ಡಿಗ್ರಿಗೆ ಕಾಯಿಸಿದರೆ ತೇವಾಂಶ 30%ಕ್ಕೆ ಕುಸಿಯುತ್ತದೆ. ಆರ್ಗನ್ನಿನ ಮರಕ್ಕೆ 50ರಿಂದ 65% ಬೇಕು. ಹೊಸ ಬಾಯ್ಲರ್ ಹಾಕಿದ ಮರುವರ್ಷವೇ ಗುನುಗು ಶುರುವಾಗಿತ್ತು, ವರದಿಯಲ್ಲಿ ಬಾಯ್ಲರಿನ ಹೆಸರೇ ಇರಲಿಲ್ಲ. ಸೀಳಿದ ಸೌಂಡ್‌ಬೋರ್ಡನ್ನು ಬಿಚ್ಚಿ, ಬಿರುಕು ತುಂಬಿ, ಮಟ್ಟ ಮಾಡಿ ಮತ್ತೆ ಕೂರಿಸಬಹುದು. ಹೀಟಿಂಗನ್ನು ನಿಧಾನ ಏರುವಂತೆ ಹೊಂದಿಸದಿದ್ದರೆ ಆ ಕೆಲಸವೂ ನೀರುಪಾಲು.

ಮೂರನೆಯದು ಗಾಳಿ ಸಾಲದು ಎಂಬುದು. ಹಾರ್ಮೋನಿಯಂ ತಿದಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಆರ್ಗನ್ನಿನ ತಿದಿಯ ಮಡಿಕೆಗಳ ಚರ್ಮ ಸವೆದರೆ ಗಾಳಿ ಸೋರುತ್ತದೆ. ಆ ಚರ್ಮ ಹಲವು ದಶಕಗಳಿಗೊಮ್ಮೆ ಬದಲಿಸಲೆಂದೇ ಇರುವುದು. ಹಳೆಯ ಪ್ರಾಣಿಜನ್ಯ ಅಂಟು ಬಿಸಿನೀರಿಗೆ ಬಿಡುತ್ತದೆ. ಬಿಚ್ಚುವ ಮೊದಲು ನೀರಿನ ಮಾನೋಮೀಟರಿನಲ್ಲಿ ಒತ್ತಡ ಅಳೆಯಿಸಿ, ಇಂಥ ಆರ್ಗನ್ನಿನಲ್ಲಿ ಅದು ನೀರಿನ ಎತ್ತರದ ಲೆಕ್ಕದಲ್ಲಿ ಸಾಮಾನ್ಯವಾಗಿ 75 ಮಿಲಿಮೀಟರ್ ಆಸುಪಾಸು. ಈಚೆಗೆ ವೈರಿಂಗ್ ಬದಲಾಗಿದ್ದು ಬ್ಲೋವರ್ (ತಿದಿಗೆ ಗಾಳಿ ತುಂಬುವ ವಿದ್ಯುತ್ ಫ್ಯಾನು) ಮೂರು ಫೇಸಿನದಾದರೆ ಅದು ತಿರುಗುವ ದಿಕ್ಕನ್ನೂ ನೋಡಿ. ಎರಡು ತಂತಿ ಅದಲುಬದಲಾದರೂ ಫ್ಯಾನು ಉಲ್ಟಾ ತಿರುಗುತ್ತ ಸ್ವಲ್ಪ ಗಾಳಿ ಕೊಡುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಹಳೆಯ ಬ್ಲೋವರ್ ಪೆಟ್ಟಿಗೆಯೊಳಗೆ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆಯಾಗುವವರೆಗೆ ಯಾರೂ ಕೈ ಹಾಕಬಾರದು.

ಡಿಜಿಟಲ್ ವಾದ್ಯವೇ ಕೆಟ್ಟದ್ದೆಂದು ಹೇಳುತ್ತಿಲ್ಲ. ಆದರೆ 16 ಅಡಿ ಸ್ಟಾಪಿನ (ಅತಿ ಉದ್ದದ ಕೊಳವೆಯ ಅಳತೆಯಿಂದ ಬಂದ ಹೆಸರು) ಅತಿ ಕೆಳಗಿನ ಸಿ ಸ್ವರ ಸುಮಾರು 33 ಹರ್ಟ್ಸ್. ಅದನ್ನು ಚರ್ಚಿನ ಆ ಗಾತ್ರಕ್ಕೆ ತುಂಬಲು ಕೊಟ್ಟ ಸ್ಪೀಕರುಗಳಿಗೆ ಆಗಲಿಲ್ಲ, ಮುನ್ನೂರು ಜನ ಹಾಡಿದಾಗ ಕಾಲಿನಿಂದ ನುಡಿಸುವ ಪೆಡಲ್ ಸ್ವರಗಳು ಕೇಳಿಸುವುದೇ ಇಲ್ಲ. ತುಂಬಿದ ಸಭೆಯ ಮುಂದೆ ನುಡಿಸಿ ತೋರಿಸದೆ ಕೊನೆಯ ಕಂತು ಕೊಡಬಾರದಿತ್ತು. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದೂ ಕರಾರಿನಲ್ಲಿರಲಿಲ್ಲ.

ಬದಲಿಗೆ ಇನ್ನೊಂದು ಪೈಪ್ ಆರ್ಗನ್ನನ್ನೇ ತರುವವರು ಸ್ಟಾಪುಗಳ ಸಂಖ್ಯೆಗೆ ಮರುಳಾಗಬೇಡಿ. ಒಂದೇ ಸಾಲು ಕೊಳವೆಯನ್ನು ನಾಲ್ಕೈದು ಸ್ಟಾಪುಗಳಿಗೆ ಹಂಚಿ ‘30 ಸ್ಟಾಪ್’ ಎನ್ನಬಹುದು. ಕೊಳವೆಯ ಸಾಲುಗಳೆಷ್ಟು, ಕೊಳವೆಗಳೆಷ್ಟು ಎಂದು ಕೇಳಿ.

ಅತಿ ಹೆಚ್ಚು ನೋವಾದದ್ದು ಕಳಚಿದ ರೀತಿಗೆ. ತವರ-ಸೀಸದ ಕೊಳವೆಗಳನ್ನು ಸೌದೆಯಂತೆ ಒಂದರ ಮೇಲೊಂದು ಪೇರಿಸಿದ್ದರು. ಈ ಲೋಹ ತನ್ನ ಭಾರಕ್ಕೇ ಬಾಗುವಂಥದ್ದು. ಬಾಯಿಯ ತುಟಿ ಕೂದಲೆಳೆಯಷ್ಟು ಸರಿದರೂ ನಾದ ಹೋಯಿತು. ಪ್ರತಿ ಕೊಳವೆಗೂ ಸ್ಟಾಪ್ ಮತ್ತು ಸ್ವರದ ಗುರುತು ಬೇಕು, ಸಣ್ಣವು ಖಾನೆಗಳಿರುವ ಟ್ರೇಗಳಲ್ಲಿ, ದೊಡ್ಡವು ಉದ್ದಕ್ಕೂ ಆಧಾರ ಕೊಟ್ಟ ತೊಟ್ಟಿಲಲ್ಲಿ ಮಲಗಬೇಕು.

ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಆರ್ಗನ್ ತೆಗೆಯಲು ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕು. ಡಯಾಸಿಸಿನ (ಬಿಷಪ್ಪರ ಆಡಳಿತ ಪ್ರದೇಶ) ಸಲಹಾ ಸಮಿತಿಯ ಅಭಿಪ್ರಾಯ ಪಡೆದು ಅದನ್ನು ಕೊಡುವುದು ಡಯಾಸಿಸಿನ ನ್ಯಾಯಾಧೀಶರಾದ ಚಾನ್ಸಲರ್. ಕಂಪನಿಯನ್ನು ಕರೆಯುವ ಮೊದಲೇ ಸಮಿತಿಯ ಆರ್ಗನ್ ಸಲಹೆಗಾರರನ್ನು ಕರೆಯಿರಿ. ನ್ಯಾಷನಲ್ ಪೈಪ್ ಆರ್ಗನ್ ರಿಜಿಸ್ಟರಿನಲ್ಲಿ ನಿಮ್ಮ ವಾದ್ಯದ ದಾಖಲೆ ನೋಡಿ. ಹಳೆಯ ಕೊಳವೆಗಳು ಯಾರಿಗೆ ಸೇರಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಅರ್ಜಿಯಲ್ಲೂ ಕರಾರಿನಲ್ಲೂ ಬರೆಸಿ. ಅದನ್ನು ಬರೆಸದೆ ನಮ್ಮಲ್ಲಿ ಎರಡು ಸಾಲು ಕೊಳವೆ ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು.