ಬಿಯರ್ ಫೆಸ್ಟಾ, ಪಬ್ಬಾ, ಮನೇನಾ? ಅದೇ ನಾಲ್ಕು ಬಿಯರ್ ಮೂರೂ ಕಡೆ ಕುಡಿದು ನೋಡ್ದೆ

ಪ್ರತಿ ಬೇಸಿಗೆಲೂ ಇದೇ ಕಥೆ. ಬಿಯರ್ ಫೆಸ್ಟಿನ ಪೋಸ್ಟರ್ ಬಂದ ತಕ್ಷಣ ಗ್ರೂಪಲ್ಲಿ ಒಬ್ರು ಹಾಕ್ತಾರೆ, ಇನ್ನೊಬ್ರು ಬಂದು "ಆ ಟಿಕೆಟ್ ದುಡ್ಡಿಗೆ ಪಬ್ಬಲ್ಲಿ ಆರಾಮಾಗಿ ಕೂತು ಐದು ಗ್ಲಾಸ್ ಕುಡೀಬೋದು ಕಣ್ರೋ" ಅಂತಾರೆ, ಮೂರನೆಯವರು "ಎರಡೂ ಬೇಡ, ಕ್ಯಾನ್ ತಂದು ನಮ್ಮನೇಲೇ ಕೂರೋಣ" ಅಂತಾರೆ, ಕೊನೆಗೆ ಯಾರೂ ಎಲ್ಲಿಗೂ ಹೋಗಲ್ಲ. ಈ ಸಲ ನನಗೆ ರೇಗೋಯ್ತು, ಮೂರನ್ನೂ ಮಾಡೇ ನೋಡೋಣ ಅಂತ ಹೊರಟೆ. ಜೊತೆಗೆ ನನ್ನ ಭಾಮೈದ. ಕುಡಿಯೋದ್ರಲ್ಲಿ ಅಲ್ದಿದ್ರೂ ಕುಡಿದಿದ್ದಕ್ಕೆ ಕೊಂಕು ತೆಗಿಯೋದ್ರಲ್ಲಿ ನನಗಿಂತ ಒಂದು ಕೈ ಮೇಲು ಅವನು.

ಹೋಲಿಕೆ ಅಂದ್ಮೇಲೆ ಸ್ವಲ್ಪನಾದ್ರೂ ನ್ಯಾಯ ಇರ್ಬೇಕಲ್ಲ, ಅದಕ್ಕೆ ಒಂದೇ ಬ್ರೂವರಿಯ ನಾಲ್ಕು ಬಿಯರ್ ಹಿಡ್ಕೊಂಡ್ವಿ: ಪಿಲ್ಸ್ನರ್ (ತೆಳ್ಳಗಿನ ಹೊಂಬಣ್ಣದ್ದು), ಗೋಧಿ ಬಿಯರ್, ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಅನ್ನೋ ಹೂವಿನ ಕಹಿ, ಘಮ ಜೋರಾಗಿರೋದು), ಇಂಪೀರಿಯಲ್ ಸ್ಟೌಟ್ (ಕಪ್ಪಗಿರೋ ತುಂಬಾ ಗಟ್ಟಿ ಬಿಯರ್). ಆ ಬ್ರೂವರಿಯವ್ರು ಫೆಸ್ಟಲ್ಲೂ ಸ್ಟಾಲ್ ಹಾಕ್ತಾರೆ, ಅವ್ರದೇ ಪಬ್ಬೂ ಇದೆ, ಕ್ಯಾನೂ ಮಾರ್ತಾರೆ. ಮೂರು ವಾರಾಂತ್ಯ, ಮೂರು ಜಾಗ, ಅದೇ ನಾಲ್ಕು ಬಿಯರ್, ಒಂದು ಚಿಕ್ಕ ನೋಟ್‌ಬುಕ್ಕು. ಹತ್ತಕ್ಕೆ ಎಷ್ಟು ಅಂತ ಇಬ್ರೂ ಒಬ್ರಿಗೊಬ್ರು ತೋರಿಸ್ದೆ ಅಂಕ ಹಾಕೋದು. ಇದೇನು ವಿಜ್ಞಾನ ಅಲ್ಲ, ಆದ್ರೂ ಸುಮ್ನೆ ಬಾಯಿಗೆ ಬಂದಂಗೆ ಮಾತಾಡೋದಕ್ಕಿಂತ ವಾಸಿ.

ಮೊದಲು ಫೆಸ್ಟು. ಮಧ್ಯಾಹ್ನ ಹನ್ನೆರಡಕ್ಕೆ ಗೇಟ್ ತೆಗೆದ್ರು, ಕೈಗೊಂದು ಬ್ಯಾಂಡ್ ಕಟ್ಟಿ 100 ಎಂಎಲ್ ಗೆರೆ ಇರೋ ಪುಟ್ಟ ಗ್ಲಾಸ್ ಕೊಟ್ರು. ಭಾಮೈದ ಅದನ್ನ ನೋಡಿ "ರಾವಣನ ಹೊಟ್ಟೆಗೆ ಆರ್ಕಾಸಿನ ಮಜ್ಜಿಗೆ" ಅಂದ. ಮೂರು ಗಂಟೆ ಆದ್ಮೇಲೆ ಅವನು ಆ ಮಾತು ವಾಪಸ್ ತಗೊಂಡ, ಅದನ್ನ ಆಮೇಲೆ ಹೇಳ್ತೀನಿ. ಮೊದಲ ಒಂದೂವರೆ ಗಂಟೆ ಮಾತ್ರ ನಿಜವಾಗ್ಲೂ ಸ್ವರ್ಗ. ಕ್ಯೂ ಇಲ್ಲ, ಸ್ಟಾಲಲ್ಲಿ ನಿಂತಿರೋದು ಸಂಬಳದ ಹುಡುಗ ಅಲ್ಲ, ಬಿಯರ್ ಮಾಡಿದೋರೇ, ಅವರಿಗೂ ಮಾತಾಡೋಕೆ ಯಾರಾದ್ರೂ ಬೇಕು. ಗೋಧಿ ಬಿಯರ್ ಕುಡಿದು ನಾನು "ಇದಕ್ಕೆ ಬಾಳೆಹಣ್ಣು ಹಾಕಿದೀರಾ" ಅಂತ ಕೇಳ್ದೆ, ಆಯಮ್ಮ ನಕ್ಕು ಬಾಳೆಹಣ್ಣೂ ಇಲ್ಲ ಏನೂ ಇಲ್ಲ, ಅದೆಲ್ಲಾ ಈಸ್ಟ್ ಮಾಡೋ ಕೆಲಸ, ಹುದುಗು ಬರೋವಾಗ ಸ್ವಲ್ಪ ಬೆಚ್ಚಗಿಟ್ರೆ ಬಾಳೆಹಣ್ಣಿನ ವಾಸನೆ ಜಾಸ್ತಿ, ತಣ್ಣಗಿಟ್ರೆ ಲವಂಗದ ವಾಸನೆ ಮೇಲೆ ಬರತ್ತೆ ಅಂತ ಹತ್ತು ನಿಮಿಷ ವಿವರಿಸಿದ್ರು. ಇಷ್ಟು ವರ್ಷ ಕುಡಿದ್ರೂ ಗೊತ್ತಿರ್ಲಿಲ್ಲ ಗುರು. ಈ ಹತ್ತು ನಿಮಿಷ ಪಬ್ಬಲ್ಲೂ ಸಿಗಲಿಲ್ಲ, ಮನೇಲಂತೂ ಪ್ರಶ್ನೇನೇ ಇಲ್ಲ.

ಎರಡು ಗಂಟೆ ಆಗ್ತಿದ್ದಂಗೆ ಜನ ನುಗ್ಗಿದ್ರು. ಒಂದೊಂದು ಸ್ಟಾಲಿಗೂ ಹದಿನೈದು ಇಪ್ಪತ್ತು ನಿಮಿಷ ಬಿಸಿಲಲ್ಲಿ ಕ್ಯೂ, ಅಷ್ಟೊತ್ತು ನಿಂತು ಸಿಗೋದು ಎರಡು ಗುಟುಕು. ಬಿಸಿಲಿಗೂ ಬಿಯರಿಗೂ ಆಗಿಬರಲ್ಲ, ಅದು ಗ್ಲಾಸಲ್ಲೇ ಕಾಣತ್ತೆ. ಬಿಯರ್ ಬೆಚ್ಚಗಾದಷ್ಟೂ ಅದರೊಳಗಿರೋ ಗ್ಯಾಸ್ ನಿಲ್ಲಲ್ಲ, ನೊರೆಯಾಗಿ ಹೊರಗೆ ಬರತ್ತೆ. ಸ್ಟಾಲಲ್ಲಿ ಮಾಮೂಲಿಯಾಗಿ ಐಸ್ ತುಂಬಿದ ಪೆಟ್ಟಿಗೆ ಒಳಗೆ ಸುರುಳಿ ಪೈಪ್ ಇಟ್ಟು ಅದರ ಮೂಲಕ ಬಿಯರ್ ಹಾಯಿಸಿ ತಣ್ಣಗೆ ಮಾಡ್ತಾರೆ, ಐಸ್ ಕರಗಿತು ಅಂದ್ರೆ ಮುಗೀತು, ನಲ್ಲಿಯಿಂದ ಬರೋದೆಲ್ಲಾ ಶೇವಿಂಗ್ ಕ್ರೀಮು. ಮೂರು ಗಂಟೆ ಮೇಲೆ ನನ್ನ ಗ್ಲಾಸಲ್ಲಿ ಅರ್ಧ ನೊರೆ. ಹೊಸಾ ಐಸ್ ಬರೋ ತನಕ ಎರಡು ಸ್ಟಾಲ್ ಮುಚ್ಚೇ ಇತ್ತು.

ತಮಾಷೆ ಏನು ಅಂದ್ರೆ ಬೇಸಿಗೆಗೂ ಬಿಯರಿಗೂ ಜಗಳ ಹಳೇದು. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಕಾನೂನೇ ಮಾಡಿದ್ರು, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ತಯಾರಿಸೋ ಹಾಗೇ ಇಲ್ಲ ಅಂತ, ಯಾಕಂದ್ರೆ ಸೆಕೆಗೆ ಹುದುಗು ಕೆಟ್ಟು ಹುಳಿ ಬರ್ತಿತ್ತು. ಅದಕ್ಕೇ ಮಾರ್ಚಲ್ಲೇ ಸ್ವಲ್ಪ ಗಟ್ಟಿಯಾಗಿ ಮಾಡಿ ನೆಲಮಾಳಿಗೆಲಿ ಇಟ್ಕೊಳ್ತಿದ್ರು, ಮಾಳಿಗೆ ತಂಪಾಗಿರ್ಲಿ ಅಂತ ಮೇಲೆ ಚೆಸ್ಟ್‌ನಟ್ ಮರ ನೆಡ್ತಿದ್ರು, ಜನ ಆ ಮರದ ನೆರಳಲ್ಲಿ ಬಂದು ಕೂತು ಕುಡಿಯೋಕೆ ಶುರು ಮಾಡಿದ್ರು, ಈಗ ಎಲ್ಲಾ ಕಡೆ ಬಿಯರ್ ಗಾರ್ಡನ್ ಅಂತೀವಲ್ಲ ಅದರ ಮೂಲ ಇದು. ಅಂದ್ರೆ ಆ ಹಳೇ ಕಾಲದೋರಿಗೇ ನೆರಳು ಬೇಕು ಅಂತ ಗೊತ್ತಿತ್ತು, ನಮ್ಮ ಫೆಸ್ಟ್ ಆಯೋಜಕರಿಗೆ ಮಾತ್ರ ಗೊತ್ತಾಗಲಿಲ್ಲ, ಬಟಾಬಯಲಲ್ಲಿ ತಂದು ನಿಲ್ಲಿಸಿದ್ರು. ಟಿಕೆಟ್ ತಗೊಳ್ಳೋ ಮುಂಚೆ ಯಾವ ಬ್ಯಾಂಡು ಹಾಡತ್ತೆ ಅಂತ ನೋಡ್ಬೇಡಿ, ನೆರಳು ಎಷ್ಟಿದೆ, ಕುಡಿಯೋ ನೀರು ಪುಕ್ಕಟೆನಾ, ಟಾಯ್ಲೆಟ್ ಎಷ್ಟು ಅಂತ ನೋಡಿ.

ಈಗ ಆ ರಾವಣನ ಹೊಟ್ಟೆ ವಿಷಯ. ನಮ್ಮದು ಒಂದೇ ಟಿಕೆಟ್, ಎಷ್ಟು ಬೇಕಾದ್ರೂ ಕುಡಿ ಅನ್ನೋ ಥರದ್ದು. ನಾವು ಹೊರಗೆ ಬರೋಷ್ಟೊತ್ತಿಗೆ ಭಾಮೈದ ಹದಿನಾರು ಸಲ ಹಾಕಿಸ್ಕೊಂಡಿದ್ದ. ಲೆಕ್ಕ ಹಾಕಿ: ಹದಿನಾರು ನೂರು ಅಂದ್ರೆ 1.6 ಲೀಟರ್, ಫೆಸ್ಟಿಗೆ ಎಲ್ರೂ ಗಟ್ಟಿ ಬಿಯರೇ ತರೋದ್ರಿಂದ ಸರಾಸರಿ 6 ಪರ್ಸೆಂಟ್ ಅಂತಿಟ್ಕೊಂಡ್ರೂ ಶುದ್ಧ ಆಲ್ಕೋಹಾಲ್ ಸುಮಾರು 76 ಗ್ರಾಂ. ಮಾಮೂಲಿ 5 ಪರ್ಸೆಂಟ್ ಬಿಯರಲ್ಲಿ ಇದು ಹೆಚ್ಚುಕಮ್ಮಿ ನಾಲ್ಕು ಅರ್ಧ ಲೀಟರ್ ಗ್ಲಾಸ್. ಮೈ ಅದನ್ನ ಗಂಟೆಗೆ ಏಳರಿಂದ ಹತ್ತು ಗ್ರಾಂ ಅಷ್ಟೇ ಕರಗಿಸೋದು, ಅಂದ್ರೆ ಪೂರ್ತಿ ಇಳಿಯೋಕೆ ಎಂಟರಿಂದ ಹನ್ನೊಂದು ಗಂಟೆ ಬೇಕು. ಗುಟುಕು ಗುಟುಕಾಗಿ ಹೋಗೋದ್ರಿಂದ ಗೊತ್ತೇ ಆಗಲ್ಲ, ಗ್ಲಾಸ್ ಪುಟ್ಟದು ಅಂತ ಮನಸ್ಸು ಮೋಸ ಹೋಗತ್ತೆ. ಗಾಡಿ ಮನೇಲೇ ಬಿಟ್ಟು ಹೋಗಿದ್ವಿ, ಬಚಾವ್. ಹಿಂದಿನ ವರ್ಷ ಬೇರೆ ಕಡೆ ಟೋಕನ್ ಫೆಸ್ಟಿಗೆ ಹೋಗಿದ್ದೆ, ಗ್ಲಾಸಿಗೆ ಒಂದು ಟೋಕನ್ನು, ಅಲ್ಲಿ ನಾನು ಆರಕ್ಕೇ ನಿಲ್ಲಿಸಿದ್ದೆ, ಯಾಕಂದ್ರೆ ಪ್ರತಿ ಸಲ ಜೇಬು ಮುಟ್ಟಿ ನೋಡ್ಕೋಬೇಕಿತ್ತಲ್ಲ. ಅಮೆರಿಕದ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ 1982ರಲ್ಲಿ ಶುರುವಾಗಿದ್ದು, ಅಲ್ಲಿ ಒಂದು ಸಲಕ್ಕೆ ಹಾಕ್ತಿದ್ದಿದ್ದು ಒಂದೇ ಔನ್ಸ್, 30 ಎಂಎಲ್ ಹತ್ರ. ಮುಂಚೆ ಅದನ್ನ ಓದಿದಾಗ ಜಿಪುಣರು ಅಂದ್ಕೊಂಡಿದ್ದೆ, ಈಗ ಅನ್ನಲ್ಲ.

ಅಂಕ ಹೇಳ್ತೀನಿ. ಫೆಸ್ಟಲ್ಲಿ ಸ್ಟೌಟಿಗೆ ಇಬ್ರೂ ಒಂಬತ್ತು, ಐಪಿಎಗೆ ಎಂಟು, ಗೋಧಿಗೆ ಏಳು, ಪಿಲ್ಸ್ನರಿಗೆ ನಾನು ನಾಲ್ಕು ಕೊಟ್ಟು ಪಕ್ಕದಲ್ಲಿ "ನೀರು" ಅಂತ ಬರೆದಿದೀನಿ. ಈ ಒಂದು ಪದ ನೆನಪಿಟ್ಕೊಳ್ಳಿ.

ಮುಂದಿನ ವಾರ ಪಬ್ಬು. ಸಂಜೆ ಐದು ಗಂಟೆ, ಫ್ಯಾನ್ ಕೆಳಗೆ ಕುರ್ಚಿ, ನಾಲ್ಕು ಗ್ಲಾಸ್ ಜೋಡಿಸಿದ ಮರದ ಹಲಗೆ ತಂದಿಟ್ರು. ತೆಳ್ಳಗಿಂದ ದಪ್ಪಕ್ಕೆ ಕುಡ್ಕೊಂಡು ಹೋಗೋದು ಕ್ರಮ, ಅಂದ್ರೆ ಮೊದಲು ಪಿಲ್ಸ್ನರು. ಒಂದು ಗುಟುಕು ಕುಡಿದು ನಾನೂ ಭಾಮೈದನೂ ಮುಖ ಮುಖ ನೋಡ್ಕೊಂಡ್ವಿ. ಇದು ಅದೇ ಬಿಯರಾ? ಮೊದಲು ಬ್ರೆಡ್ಡಿನ ವಾಸನೆ, ಮಧ್ಯದಲ್ಲಿ ಸಣ್ಣಗೆ ಸಿಹಿ, ಆಮೇಲೆ ಹಾಪ್ಸಿನ ಕಹಿ ಬಂದು ಬಾಯಿ ಒರೆಸಿದಂಗೆ ಕ್ಲೀನ್ ಮಾಡಿ ಹೋಗತ್ತೆ, ತಕ್ಷಣ ಇನ್ನೊಂದು ಗುಟುಕು ಬೇಕು ಅನ್ಸತ್ತೆ. ವೇಟರನ್ನ ಕರೆದು ಬೇರೆ ಬ್ಯಾಚಾ ಅಂತಾನೂ ಕೇಳ್ದೆ, ಫೆಸ್ಟಿಗೆ ಹೋಗಿದ್ದೂ ಇದೇ ಟ್ಯಾಂಕಿಂದ ಅಂದ್ರು. ಕೆಟ್ಟಿದ್ದು ಬಿಯರಲ್ಲ, ನಮ್ಮ ನಾಲಿಗೆ. ಫೆಸ್ಟಲ್ಲಿ ನಾವು ಪಿಲ್ಸ್ನರ್ ಕುಡಿದಿದ್ದು ಎರಡು ಐಪಿಎ ಆದ್ಮೇಲೆ. ಗಟ್ಟಿ ಮೇಳ ಬಾರಿಸಿದ ಮೇಲೆ ತಂಬೂರಿ ಶ್ರುತಿ ಕೇಳತ್ತಾ? ಪಿಲ್ಸ್ನರ್ ಹುಟ್ಟಿದ್ದೇ 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ, ಕುಡಿದಷ್ಟೂ ಕುಡೀಬೇಕು ಅನ್ನಿಸೋ ಹಾಗೆ ಮಾಡಿದ ಬಿಯರ್ ಅದು, ಅದನ್ನ ಎರಡು ಗುಟುಕಲ್ಲಿ ಅಳೆಯೋಕೆ ಹೋದ್ರೆ ನೀರೇ ಅನ್ಸೋದು.

ಉಲ್ಟಾ ಕಥೆ ಸ್ಟೌಟಿಂದು. ಫೆಸ್ಟಿನ ಹೀರೋ ಅಲ್ವಾ ಅಂತ ಹಲಗೆ ಮುಗಿಸಿ ಪೂರ್ತಿ ಗ್ಲಾಸ್ ಹೇಳಿದ್ವಿ, 300 ಎಂಎಲ್, 10 ಪರ್ಸೆಂಟು. ಅರ್ಧ ಆಗೋಷ್ಟೊತ್ತಿಗೆ ಸುಟ್ಟ ಸಕ್ಕರೆ ಪಾಕ ಕುಡಿದಂಗೆ ಬಾಯೆಲ್ಲಾ ಅಂಟು, ಇಬ್ರ ಕೈಲೂ ಮುಗಿಸೋಕಾಗಲಿಲ್ಲ. ಆಗ ಹೊಳೀತು ನನಗೆ, ಫೆಸ್ಟಲ್ಲಿ ಜನರ ಮೆಚ್ಚುಗೆ ಅಂತ ಓಟ್ ಹಾಕಿಸ್ತಾರಲ್ಲ, ಅಲ್ಲಿ ಯಾಕೆ ಸ್ಟೌಟು, ಡಬಲ್ ಐಪಿಎ, ಹಣ್ಣಿನ ಬಿಯರಿನ ಹತ್ರಾನೇ ಜನ ಕಿಕ್ಕಿರಿದಿದ್ರು ಅಂತ. ಗುಟುಕಿನ ಪರೀಕ್ಷೆಲಿ ಜೋರಾಗಿ ಕೂಗೋನೇ ಪಾಸ್ ಆಗೋದು, ಗ್ಲಾಸಿನ ಪರೀಕ್ಷೆ ಬೇರೆನೇ. ಫೆಸ್ಟಲ್ಲಿ ಇಷ್ಟ ಆಯ್ತು ಅಂತ ಒಂದು ಕೇಸ್, ಅಂದ್ರೆ ಇಡೀ ಪೆಟ್ಟಿಗೆ ತಂದು ಮನೇಲಿ ಇಟ್ಕೊಂಡಿರೋರು ಎಷ್ಟು ಜನ ಇದೀರೋ, ಫ್ರಿಜ್ಜಲ್ಲಿ ಎಷ್ಟು ಉಳಿದಿದೆ ಒಂದ್ಸಲ ನೋಡ್ಕೊಳ್ಳಿ.

ಪಬ್ಬಿನ ಅಂಕ: ಪಿಲ್ಸ್ನರ್ ಒಂಬತ್ತು, ಗೋಧಿ ಎಂಟು, ಐಪಿಎ ಎಂಟೂವರೆ, ಸ್ಟೌಟ್ ಆರು. ಕೊರತೆ ಅಂದ್ರೆ ಬೋರ್ಡಲ್ಲಿ ಇರೋದು ಎಂಟೇ ಬಿಯರ್, ಅದೂ ಅವ್ರದೇ. ಫೆಸ್ಟಲ್ಲಿ ನಾನು ಹುಳಿ ಬಿಯರ್ ಅಂತ ಒಂದು ಕುಡಿದೆ, ಹೊಗೆ ಹಾಕಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಬಿಯರ್ ಒಂದು ಕುಡಿದೆ, ಎರಡನೆಯದು ಸೌದೆ ಒಲೆ ನೆಕ್ಕಿದಂಗಿತ್ತು, ಆದ್ರೆ ಅದನ್ನ ಪೂರ್ತಿ ಗ್ಲಾಸ್ ದುಡ್ಡು ಕೊಟ್ಟು ಪಬ್ಬಲ್ಲಿ ಯಾವ ಕಾಲಕ್ಕೂ ತಗೊಳ್ತಿರ್ಲಿಲ್ಲ. ಇಷ್ಟ ಆಗಲ್ಲ ಅಂತ ಎರಡು ಗುಟುಕಲ್ಲಿ ಗೊತ್ತಾಗೋದೂ ಒಂದು ಲಾಭಾನೇ.

ಮನೆ ವಿಷಯ ಬೇಗ ಹೇಳ್ತೀನಿ, ಯಾಕಂದ್ರೆ ಮನೇಲಿ ಕುಡಿಯೋದು ಎಲ್ರಿಗೂ ಗೊತ್ತಿರೋದೇ. ಐಪಿಎ ಸೋತಿತು. ಕ್ಯಾನ್ ತಳದಲ್ಲಿ ಡೇಟ್ ನೋಡಿದ್ರೆ ನಾಲ್ಕು ತಿಂಗಳು ಹಳೇದು, ಹಾಪ್ಸಿನ ಘಮ ಮೊದಲು ಹೋಗೋದು, ಅದು ಹೋದ್ಮೇಲೆ ಉಳಿಯೋದು ಬರೀ ಕಹಿ, ಜೊತೆಗೆ ಒಂಥರಾ ಒದ್ದೆ ರಟ್ಟಿನ ವಾಸನೆ. ಅಂಗಡಿಲಿ ಅದನ್ನ ಫ್ರಿಜ್ಜಿಂದ ಹೊರಗೇ ಇಟ್ಟಿದ್ರು ಬೇರೆ. ನಾನು ಡೇಟ್ ನೋಡದೆ ತಂದಿದ್ದು ನನ್ನದೇ ತಪ್ಪು. ಬಾಟಲ್ ತಗೊಳ್ಳೋರು ಇನ್ನೊಂದು ನೋಡಿ, ಹಸಿರು ಗಾಜು, ಬಿಳಿ ಗಾಜು ಬೇಡ, ಬೆಳಕು ಬಿದ್ರೆ ಹಾಪ್ಸಿನ ಅಂಶ ಒಡೆದು ಗಬ್ಬು ವಾಸನೆ ಬರತ್ತೆ, ಕಂದು ಗಾಜಲ್ಲಿ ಅದು ಕಮ್ಮಿ, ಕ್ಯಾನಲ್ಲಿ ಆಗೋದೇ ಇಲ್ಲ. ಆದ್ರೆ ಸ್ಟೌಟ್ ಗೆದ್ದಿದ್ದು ಮನೇಲೇ! ಒಂದು ಕ್ಯಾನನ್ನ ನಾವಿಬ್ರೂ ನನ್ನ ಹೆಂಡತೀನೂ ಮೂರು ಪಾಲು ಮಾಡ್ಕೊಂಡು, ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಬಿಟ್ಟು ಕುಡಿದ್ವಿ. ತೀರಾ ತಣ್ಣಗಿದ್ರೆ ನಾಲಿಗೆಗೆ ಏನೂ ತಿಳಿಯಲ್ಲ, 12-13 ಡಿಗ್ರಿಗೆ ಬಂದ್ಮೇಲೆ ಕಾಫಿ, ಚಾಕೊಲೇಟ್ ಎಲ್ಲಾ ಬಿಡಿಸ್ಕೊಂಡು ಬಂತು. ಮಾಮೂಲಿಯಾಗಿ ಬಿಯರ್ ಮುಟ್ಟದ ನನ್ನ ಹೆಂಡತಿ "ಇದಾದ್ರೆ ಪರವಾಗಿಲ್ಲ" ಅಂದ್ಲು, ನಮ್ಮನೇಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಹಾಗಾದ್ರೆ ಫೆಸ್ಟಿಗೆ ಹೋಗ್ಬೇಕಾ? ಬಿಯರ್ ಕುಡೀಬೇಕು, ನಾಲ್ಕು ಮಾತಾಡ್ಬೇಕು ಅನ್ನೋರಿಗೆ ಸುತರಾಂ ಬೇಡ, ಆ ದುಡ್ಡಿಗೆ ಪಬ್ಬೇ ಸರಿ, ಬಿಸಿಲಲ್ಲಿ ನಿಂತು ನೊರೆ ನೆಕ್ಕೋ ಕರ್ಮ ಯಾಕೆ. ನನಗೆ ಯಾವ ಥರದ್ದು ಹಿಡಿಸತ್ತೆ ಅಂತ ಇನ್ನೂ ಗೊತ್ತಿಲ್ಲ ಅನ್ನೋರು, ಮಾಡೋರ ಹತ್ರ ಕೂತು ಕೇಳ್ಬೇಕು ಅನ್ನೋರು ಖಂಡಿತ ಹೋಗಿ, ಆದ್ರೆ ಗೇಟ್ ತೆಗೆದ ತಕ್ಷಣ ಹೋಗಿ, ಹೊಟ್ಟೆ ತುಂಬಾ ಊಟ ಮಾಡ್ಕೊಂಡು ಹೋಗಿ, ತೆಳ್ಳಗಿರೋದನ್ನ ಮೊದಲು ಕುಡಿದುಬಿಡಿ, ಜನ ನುಗ್ಗೋ ಮುಂಚೆ ಎದ್ದು ಬನ್ನಿ. ಅಂಕ ಹಾಕೋದಾದ್ರೆ ಅಲ್ಲಿ ಹಾಕಿದ್ದು ಬರೀ ಅರ್ಧ ಅಂಕ, ಇಷ್ಟ ಆಗಿದ್ದನ್ನ ಇನ್ನೊಂದು ದಿನ ಪೂರ್ತಿ ಗ್ಲಾಸ್ ಕುಡಿದು ನೋಡೋ ತನಕ ಕೇಸ್ ಕೊಳ್ಳಬೇಡಿ.

ನಾನು ಮುಂದಿನ ವರ್ಷ ಟೋಕನ್ ಇರೋ ಕಡೆ ಹೋಗ್ತೀನಿ, ಎಂಟು ಟೋಕನ್, ಎರಡು ಗಂಟೆ. ಭಾಮೈದ ಮಾತ್ರ ಮತ್ತೆ ಅದೇ ಎಷ್ಟು ಬೇಕಾದ್ರೂ ಕುಡಿ ಟಿಕೆಟೇ ತಗೊಳ್ತಾನಂತೆ, ಹದಿನಾರು ರೆಕಾರ್ಡ್ ಮುರೀಬೇಕಂತೆ, ಅವತ್ತು ಅವನನ್ನ ಮನೆಗೆ ಕರ್ಕೊಂಡು ಬರೋ ಡ್ಯೂಟಿ ಯಾರದ್ದು ಅಂತ ನನ್ನ ಹೆಂಡತಿ ಈಗ್ಲೇ ಕೇಳ್ತಿದಾಳೆ.